ಇಂಚಿಗೊಂದು ಅಡಿ

ಮೊಮ್ಮಗಳು ಬಿ.ಕಾಂ.ಗೆ ಸೇರಿದ ದಿನವೇ ಕಾಲೇಜಿನ ಮುಂದೆ ಜೆಸಿಬಿ ಬಂದು ನಿಂತಿತ್ತು. ನಾನು ಅದನ್ನು ಶುಭಶಕುನ ಅಂತಲೇ ತಿಳಿದೆ.

ತಿಳಿಯುವುದಕ್ಕೆ ಕಾರಣವೂ ಇತ್ತು. ಅವಳಿಗೆ ಚಿಕ್ಕಂದಿನಿಂದ ಕಾಲುಗಳಲ್ಲಿ ಬಲವಿಲ್ಲ. ಓಡಾಟವೆಲ್ಲ ವೀಲ್‌ಚೇರಿನಲ್ಲಿ. ಕಾಲೇಜಿಗೆ ರ‍್ಯಾಂಪು, ಲಿಫ್ಟು, ವೀಲ್‌ಚೇರ್ ಒಳಗೆ ಹೋಗುವಂಥ ಶೌಚಾಲಯ, ಕಣ್ಣು ಕಾಣದವರಿಗೆ ದಾರಿ ತೋರಿಸುವ ಹಳದಿ ಟೈಲ್ಸು ಎಲ್ಲ ಮಂಜೂರಾಗಿದೆ ಎಂದು ಅಡ್ಮಿಷನ್ ದಿನವೇ ಹೇಳಿದ್ದರು. ಮನೆಯಲ್ಲಿ ಹಬ್ಬದ ಸಂಭ್ರಮ. ನನ್ನ ಹೆಂಡತಿ ಗಸಗಸೆ ಪಾಯಸ ಮಾಡಿದಳು. ಜೆಸಿಬಿಯ ಮುಂದೆ ಮೊಮ್ಮಗಳನ್ನು ನಿಲ್ಲಿಸಿ, ಅಂದರೆ ಕೂರಿಸಿ, ಒಂದು ಫೋಟೋವನ್ನೂ ತೆಗೆದೆವು.

ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಬೆಳಿಗ್ಗೆ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಮಧ್ಯಾಹ್ನ ವಾಪಸು ಕರೆತರುವ ಡ್ಯೂಟಿ ನನ್ನದಾಯಿತು. 1972ರಲ್ಲಿ ಬಿ.ಕಾಂ. ಮುಗಿಸಿ, ಆಮೇಲೆ ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಎದ್ದ ಮನುಷ್ಯ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಬಿ.ಕಾಂ. ಕ್ಲಾಸಿನ ಬಾಗಿಲಿಗೆ ಬಂದೆ. ನನಗೆ ಹಾಜರಿ ಇಲ್ಲ, ಅಷ್ಟೆ. ಕಾಂಪೌಂಡಿನ ಪಕ್ಕದಲ್ಲಿ ಒಂದು ಹೊಂಗೆಮರ ಇದೆ, ಅದರ ಸುತ್ತ ಕಟ್ಟೆ. ಆ ಕಟ್ಟೆಯ ಮೇಲೆ ಕೂತು ನಾನು ಒಂದು ವರ್ಷದಲ್ಲಿ ನೋಡಿದ್ದನ್ನು ಈ ವಾರ ನಿಮಗೆ ಹೇಳಬೇಕು.

ಮೊದಲು ಹೋದದ್ದು ಹಿಂಬಾಗಿಲಿನ ಹಳೆಯ ಇಳಿಜಾರು. ಬೀರು, ಬೆಂಚು ಸಾಗಿಸುವುದಕ್ಕೆಂದು ಯಾರೋ ಪುಣ್ಯಾತ್ಮರು ಎಂದೋ ಮಾಡಿಸಿದ್ದ ಒರಟು ಸಿಮೆಂಟಿನ ದಾರಿ ಅದು. ಅದರಲ್ಲಿ ವೀಲ್‌ಚೇರ್ ಹೇಗೋ ಹತ್ತುತ್ತಿತ್ತು. ಹೊಸ ಚರಂಡಿಗೆ ಅಡ್ಡ ಬರುತ್ತದೆ ಎಂದು ಎರಡನೆಯ ದಿನವೇ ಅದನ್ನು ಒಡೆದರು. ಮುಂಬಾಗಿಲಿನಲ್ಲಿ ಮೂರು ಮೆಟ್ಟಿಲು. ಗೇಟಿನಿಂದ ಮುಂಬಾಗಿಲಿನವರೆಗೆ ಜಲ್ಲಿ, ಎಂ ಸ್ಯಾಂಡ್ ರಾಶಿ, ನಡುವೆ ಎರಡಡಿ ಆಳದ ಕಾಲುವೆ. ಕಾಲುವೆಯ ಮೇಲೆ ಒಂದು ಹಲಗೆ. ಹಲಗೆಯ ಅಗಲ ಎರಡು ಅಡಿ, ವೀಲ್‌ಚೇರಿನ ಅಗಲ ಎರಡಡಿ ಎರಡಿಂಚು. ನಡೆದು ಹೋಗುವವರಿಗೆ ಆ ಎರಡಿಂಚು ಕಾಣಿಸುವುದೇ ಇಲ್ಲ.

ಜಲ್ಲಿಯ ಮೇಲೆ ವೀಲ್‌ಚೇರ್ ತಳ್ಳಿ ನೋಡಿದ್ದೀರಾ? ಮುಂದಿನ ಚಿಕ್ಕ ಚಕ್ರ ಹೂತುಕೊಳ್ಳುತ್ತದೆ, ಕೂತವರು ಮುಗ್ಗರಿಸುತ್ತಾರೆ. ಮೊದಲ ವಾರ ನಾನು ಬಲವೆಲ್ಲ ಹಾಕಿ ತಳ್ಳಿ ತಳ್ಳಿ ಏದುಸಿರು ಬಿಟ್ಟೆ. ಕೊನೆಗೆ ಮೊಮ್ಮಗಳೇ ಹೇಳಿಕೊಟ್ಟಳು: "ತಾತ, ತಿರುಗಿಸಿ ಹಿಂದುಹಿಂದಕ್ಕೆ ಎಳೀರಿ. ದೊಡ್ಡ ಚಕ್ರ ದಾರಿ ಮಾಡ್ಕೊಳ್ಳುತ್ತೆ." ಹಾಗೆಯೇ ಆಯಿತು. ಆ ಮೇಲೆ ಪ್ರತಿದಿನವೂ ಅವಳು ಕಾಲೇಜನ್ನು ಬೆನ್ನುಹಾಕಿಕೊಂಡೇ ಪ್ರವೇಶ ಮಾಡಿದಳು.

ಕ್ಲಾಸು ಇದ್ದದ್ದು ಮೊದಲನೆಯ ಮಹಡಿಯಲ್ಲಿ. ನಾಲ್ಕು ಹುಡುಗರು ಓಡಿ ಬಂದು "ಬಿಡಿ ತಾತ, ನಾವಿದ್ದೀವಿ" ಎಂದು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ಮೇಲಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರೇ ಬಂತು. ಎಷ್ಟು ಒಳ್ಳೆಯ ಮಕ್ಕಳು ಅಂತ ಆಟೋದಲ್ಲಿ ಬರುವಾಗ ಹೊಗಳುತ್ತಲೇ ಇದ್ದೆ. ಅವಳು ಕೇಳಿಸಿಕೊಂಡು ಮನೆ ಹತ್ತಿರ ಬಂದಾಗ ಒಂದೇ ಮಾತು ಹೇಳಿದಳು: "ನನ್ನನ್ನ ಗ್ಯಾಸ್ ಸಿಲಿಂಡರ್ ಥರ ಹೊತ್ಕೊಂಡು ಹೋದ್ರು ತಾತ."

ಮಕ್ಕಳು ಒಳ್ಳೆಯವರೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಳ್ಳೆಯವರಲ್ಲಿ ಒಬ್ಬನಿಗೆ ಜ್ವರ ಬಂದ ದಿನ ಅವಳು ಕೆಳಗೇ ಉಳಿದಳು. ಕ್ರಿಕೆಟ್ ಮ್ಯಾಚ್ ಇದ್ದ ದಿನ ಮಧ್ಯಾಹ್ನ ಮೂರೂವರೆವರೆಗೆ ಮೇಲೇ ಉಳಿದಳು. ಒಂದು ದಿನ ಮೆಟ್ಟಿಲಿನ ಮೇಲೆ ಬಿದ್ದಿದ್ದ ಮರಳಿನಲ್ಲಿ ಒಬ್ಬನ ಕಾಲು ಜಾರಿತು. ಇನ್ನೊಬ್ಬ ಹಿಡಿದದ್ದು ಕೈ ಇಡುವ ಪಟ್ಟಿಯನ್ನು. ಅದು ಕಳಚಿ ಬರುವಂಥದ್ದು, ಅವನ ಕೈಗೇ ಬಂತು. ದೇವರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ವೀಲ್‌ಚೇರ್ ಎತ್ತಲೇಬೇಕಾಗಿ ಬಂದರೆ ಕೈಪಟ್ಟಿ, ಕಾಲಿಡುವ ಹಲಗೆ ಹಿಡಿಯಬಾರದು, ಗಟ್ಟಿ ಚೌಕಟ್ಟನ್ನೇ ಹಿಡಿಯಬೇಕು. ಅದಕ್ಕೂ ಮೊದಲು ಕೂತವರನ್ನು "ಎತ್ತಲಾ?" ಎಂದು ಕೇಳಬೇಕು. ಆ ಕೇಳುವ ಕೆಲಸ ನಾನೂ ಮಾಡಿರಲಿಲ್ಲ.

ಆ ರಾತ್ರಿ ನನಗೆ ಹಳೆಯ ಬ್ಯಾಂಕಿನ ಮೆಟ್ಟಿಲು ನೆನಪಾಯಿತು. ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಶಾಖೆ ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು, ಹತ್ತೊಂಬತ್ತು ಮೆಟ್ಟಿಲು. ಒಂದು ಕಾಲು ಕಳೆದುಕೊಂಡಿದ್ದ ರೈತರೊಬ್ಬರು ಕೆಳಗೆ ಬಂದು ನಿಂತು "ಸಾಮೀ" ಎಂದು ಕೂಗುತ್ತಿದ್ದರು. ಹೆಬ್ಬೆಟ್ಟಿನ ಖಾತೆ, ಖಾತೆದಾರರು ಖುದ್ದಾಗಿ ಎದುರಿಗಿರಬೇಕು. ನಾನು ಇಂಕ್ ಪ್ಯಾಡ್, ಫಾರಂ, ಪಾಸ್‌ಬುಕ್ ಹಿಡಿದು ಇಳಿದು ಹೋಗಿ ಹೆಬ್ಬೆಟ್ಟು ಒತ್ತಿಸಿ, ಹಣ ತಂದುಕೊಡುತ್ತಿದ್ದೆ. ಸಹೋದ್ಯೋಗಿಗಳು ಮೆಚ್ಚಿಕೊಳ್ಳುತ್ತಿದ್ದರು. ನಾನೂ ನನ್ನನ್ನು ಮೆಚ್ಚಿಕೊಳ್ಳುತ್ತಿದ್ದೆ. ಜೂನ್ ತಿಂಗಳ ಅರ್ಧವಾರ್ಷಿಕ ಲೆಕ್ಕದ ದಿನ ಅವರು ಬಂದರು. ತಲೆ ಎತ್ತುವುದಕ್ಕೂ ಪುರುಸೊತ್ತಿರಲಿಲ್ಲ. ಕಿಟಕಿಯಿಂದಲೇ "ನಾಳೆ ಬನ್ನಿ ಗೌಡರೇ" ಎಂದೆ. ಬಸ್ಸಿನಲ್ಲಿ ಬಂದ ಮನುಷ್ಯ ಹಾಗೆಯೇ ಹೋದರು. ಮುಂದಿನ ಸಲ ಅಣ್ಣನ ಮಗನನ್ನು ಕರೆತಂದು ಜಂಟಿ ಖಾತೆ ಮಾಡಿಸಿದರು. ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಾದ ಖಾತೆ. ಹತ್ತೊಂಬತ್ತು ಮೆಟ್ಟಿಲು ಹತ್ತಬಲ್ಲ ಕಾಲುಗಳು ಅಣ್ಣನ ಮಗನಿಗಿದ್ದವು. ಒಂದು ವರ್ಷದೊಳಗೆ ಖಾತೆಯಲ್ಲಿ ಐದು ರೂಪಾಯಿ ಉಳಿಯಿತು. ಅವನು ತುಂಬಿದ ಫಾರಂಗಳನ್ನು ಲೆಡ್ಜರಿಗೆ ಏರಿಸಿದವನು ನಾನೇ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇರಲಿ.

ಸೆಪ್ಟೆಂಬರಿನಲ್ಲಿ ಮೊಮ್ಮಗಳಿಗೆ ಜ್ವರ ಬಂತು. ಚಳಿ, ಹೊಟ್ಟೆನೋವು. ಡಾಕ್ಟರು ಪರೀಕ್ಷೆ ಮಾಡಿಸಿ ಮೂತ್ರದ ಸೋಂಕು ಎಂದರು, ನೀರು ಎಷ್ಟು ಕುಡಿಯುತ್ತೀಯಮ್ಮಾ ಎಂದು ಕೇಳಿದರು. ಅವಳು ಸುಮ್ಮನಿದ್ದಳು. ನನ್ನ ಹೆಂಡತಿ ಉತ್ತರ ಹೇಳಿದಳು: "ಒಂದು ತಿಂಗಳಿಂದ ನೋಡ್ತಾ ಇದ್ದೀನಿ ಡಾಕ್ಟ್ರೇ, ಬಾಟಲಿ ತುಂಬಿ ಕಳಿಸಿದ್ದು ತುಂಬಿಯೇ ವಾಪಸ್ ಬರ್ತಿದೆ."

ಹೊಸ ಶೌಚಾಲಯಕ್ಕೆ ಆಗ ಪಾಯ ಮಾತ್ರ ಆಗಿತ್ತು. ಹೆಣ್ಣುಮಕ್ಕಳ ಹಳೆಯ ಶೌಚಾಲಯಕ್ಕೆ ಎರಡು ಮೆಟ್ಟಿಲು, ಎರಡಡಿ ಅಗಲದ ಬಾಗಿಲು, ಅದೂ ಒಳಗಡೆಗೆ ತೆರೆಯುವಂಥದ್ದು. ವೀಲ್‌ಚೇರ್ ತಿರುಗಿಸಲು ಸುಮಾರು ಐದು ಅಡಿ ಸುತ್ತಳತೆ ಅಲ್ಲ, ಐದು ಅಡಿ ಅಡ್ಡಗಲದ ಜಾಗ ಬೇಕು. ಅಲ್ಲಿ ಮೂರೂ ಇರಲಿಲ್ಲ. ಅವಳು ಬೆಳಿಗ್ಗೆ ಏಳಕ್ಕೆ ಕಾಫಿಯನ್ನೂ ಬಿಟ್ಟು, ಮಧ್ಯಾಹ್ನ ಎರಡೂವರೆಗೆ ಮನೆಗೆ ಬರುವವರೆಗೆ ಒಂದು ಗುಟುಕೂ ನೀರು ಕುಡಿಯದೆ ಇದ್ದುಬಿಡುತ್ತಿದ್ದಳು. ನಮಗೆ ಹೇಳಿರಲಿಲ್ಲ. ಹೇಳಿದರೆ ಕಾಲೇಜು ಬಿಡಿಸುತ್ತೇವೆ ಎಂಬ ಹೆದರಿಕೆ. ಆ ಹೆದರಿಕೆ ಸುಳ್ಳೂ ಅಲ್ಲ. ಆ ರಾತ್ರಿ ಮಗ "ಈ ವರ್ಷ ಮನೇಲೇ ಇರಲಿ, ಕಟ್ಟಡ ಮುಗಿದ ಮೇಲೆ ಸೇರಿಸೋಣ" ಎಂದ. ನಾನೂ ಹೌದೆಂದು ತಲೆ ಆಡಿಸಿದ್ದೆ. ಅವಳು ಮಾತ್ರ "ನನ್ನ ಜೊತೆಯವರು ಸೆಕೆಂಡ್ ಇಯರ್‌ಗೆ ಹೋಗಿರ್ತಾರೆ, ನಾನು ಮಾತ್ರ ಲಿಫ್ಟಿಗೆ ಕಾಯ್ತಾ ಇರ್ಬೇಕಾ?" ಎಂದು ಬಾಗಿಲು ಹಾಕಿಕೊಂಡಳು.

ಮರುವಾರ ಪ್ರಿನ್ಸಿಪಾಲರನ್ನು ನೋಡಲು ಹೋದೆವು. ನಾನು ಗುಮಾಸ್ತನಲ್ಲವೇ, ವಿಷಯ, ಉಲ್ಲೇಖ, ಲಗತ್ತು ಎಲ್ಲ ಹಾಕಿ ಎರಡು ಪುಟದ ಅರ್ಜಿ ಬರೆದಿದ್ದೆ. ಕಾನೂನನ್ನೂ ಓದಿಕೊಂಡಿದ್ದೆ. 1995ರ ಕಾಯಿದೆಯಲ್ಲಿ ಏಳು ಬಗೆಯ ಅಂಗವೈಕಲ್ಯವನ್ನು ಹೇಳಿದ್ದರೆ, 2016ರ ಕಾಯಿದೆಯಲ್ಲಿ ಅದು ಇಪ್ಪತ್ತೊಂದಾಗಿದೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡಾ 3 ಇದ್ದ ಸೀಟು ಶೇಕಡಾ 5 ಆಗಿದೆ. ಸೀಟು ಕೊಟ್ಟರೆ ಸಾಲದು, ಸೀಟಿನವರೆಗೆ ತಲುಪುವ ದಾರಿಯೂ ಇರಬೇಕು ಎಂಬುದೂ ಅದರಲ್ಲಿದೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಮೇಜಿನ ಮೇಲೆ ಕಡತಗಳ ಗುಡ್ಡೆ, ಹೊರಗೆ ಕಾಂಕ್ರೀಟ್ ಮಿಕ್ಸರಿನ ಸದ್ದು. "ನೋಡಿ ಸಾರ್, ಇದೆಲ್ಲಾ ಮಾಡ್ತಿರೋದೇ ಇಂಥ ಮಕ್ಕಳಿಗಾಗಿ. ಒಂದು ಆರು ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ಆರು ತಿಂಗಳು! ಕಟ್ಟಡದ ಲೆಕ್ಕದಲ್ಲಿ ಅದು ಏನೂ ಅಲ್ಲ. ಐವತ್ತು ವರ್ಷ ಬಾಳುವ ಕಟ್ಟಡ. ಆದರೆ ಮೂರು ವರ್ಷದ ಡಿಗ್ರಿಯಲ್ಲಿ ಅದು ಆರರಲ್ಲಿ ಒಂದು ಸೆಮಿಸ್ಟರು. ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಈ ಲೆಕ್ಕವನ್ನೇ ಹೇಳೋಣವೆಂದು ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮೊಮ್ಮಗಳು ಮಾತಾಡಿದಳು.

"ಸಾರ್, ಲಿಫ್ಟ್ ಯಾವಾಗ ಬೇಕಾದ್ರೂ ಬರಲಿ. ನಮ್ಮ ಕ್ಲಾಸನ್ನ ಕೆಳಗಿನ ರೂಮಿಗೆ ಹಾಕಿ."

ನನ್ನ ಎರಡು ಪುಟದ ಅರ್ಜಿಯಲ್ಲಿ ಆ ಒಂದು ಸಾಲು ಇರಲಿಲ್ಲ. ಸೋಂಕಿನ ವಿಷಯ ಇತ್ತು, ಕಾಯಿದೆ ಇತ್ತು, ಸುಪ್ರೀಂ ಕೋರ್ಟ್ ಇತ್ತು, ಆದರೆ ಕ್ಲಾಸನ್ನು ಕೆಳಗಿಳಿಸಿ ಎಂಬ ಮಾತು ನನಗೆ ಹೊಳೆದೇ ಇರಲಿಲ್ಲ. ಪ್ರಿನ್ಸಿಪಾಲರಿಗೂ ಹೊಳೆದಿರಲಿಲ್ಲ. ಲಕ್ಷಾಂತರ ರೂಪಾಯಿಯ ಲಿಫ್ಟಿನ ಬಗ್ಗೆ ಊರೆಲ್ಲ ಮಾತಾಡುತ್ತಿದ್ದೆವು, ಒಂದು ರೂಪಾಯಿಯೂ ಬೇಡದ ಟೈಂಟೇಬಲ್ ಯಾರಿಗೂ ನೆನಪಾಗಿರಲಿಲ್ಲ. ಅವಳನ್ನೇ ಮೊದಲು ಕೇಳಿದ್ದರೆ ಜುಲೈ ತಿಂಗಳಲ್ಲೇ ಮುಗಿಯುತ್ತಿತ್ತು.

ಕೆಳಗೆ ನಾಲ್ಕನೆಯ ನಂಬರಿನ ರೂಮು ಮುರಿದ ಬೆಂಚು ತುಂಬಿಕೊಂಡು ಬೀಗ ಹಾಕಿಸಿಕೊಂಡಿತ್ತು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಪತ್ತೆ ಮಾಡಲು ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಬಿ.ಕಾಂ. ಮೊದಲ ವರ್ಷ ಕೆಳಗಿಳಿಯಿತು. ಕಾಲುವೆಯ ಮೇಲೆ ಎರಡು ಸೆಂಟ್ರಿಂಗ್ ಹಲಗೆ ಸೇರಿಸಿ, ಅಡಿಯಲ್ಲಿ ರೀಪರು ಹೊಡೆದು ನಾಲ್ಕಡಿ ಅಗಲ ಮಾಡಿದರು. ಕಾಮರ್ಸಿನ ಮೇಡಂ ಒಬ್ಬರು ಸ್ಟಾಫ್ ರೂಮಿನ ಪಕ್ಕದ ತಮ್ಮ ಶೌಚಾಲಯವನ್ನು ತೋರಿಸಿ "ಇದನ್ನ ಬಳಸ್ಕೋ ಮಗಳೇ" ಎಂದರು. ಅಲ್ಲಿ ಹೊಸ್ತಿಲು ಎತ್ತರ, ಬಾಗಿಲು ಒಳಗಡೆಗೆ. ಬಡಗಿ ಬಂದು ಬಾಗಿಲನ್ನು ಕಳಚಿ ಹೊರಗೆ ತೆರೆಯುವಂತೆ ಮಾಡಿದ, ಹೊಸ್ತಿಲಿಗೆ ಒಂದು ಇಳಿಜಾರು ಹಲಗೆ ಕೂರಿಸಿದ. ಅರ್ಧ ದಿನದ ಕೆಲಸ. ಬಾಟಲಿ ಅರ್ಧ ಖಾಲಿಯಾಗಿ ಮನೆಗೆ ಬರತೊಡಗಿತು. ಹೆಂಡತಿ ದಿನಾ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು, ನಾವು ಹಳೆಯ ನೂರರ ನೋಟು ನೋಡುತ್ತಿದ್ದ ಹಾಗೆ.

ಇನ್ನೊಬ್ಬ ಹುಡುಗನ ವಿಷಯ ಹೇಳಬೇಕು. ಬಿ.ಎ. ಎರಡನೆಯ ವರ್ಷ, ಎರಡೂ ಕಣ್ಣು ಕಾಣುವುದಿಲ್ಲ. ಮೊದಲ ವರ್ಷ ಅವನು ಬಿಳಿ ಕೋಲು ಹಿಡಿದು ಒಬ್ಬನೇ ಓಡಾಡಿಕೊಂಡಿದ್ದನಂತೆ. ಗೇಟಿನಿಂದ ಇಷ್ಟು ಹೆಜ್ಜೆಗೆ ಬೇವಿನ ಮರ, ಅಲ್ಲಿಂದ ಎಡಕ್ಕೆ ಇಷ್ಟು ಹೆಜ್ಜೆಗೆ ನಲ್ಲಿಯ ಸದ್ದು, ಆಮೇಲೆ ಮೆಟ್ಟಿಲು. ಇಡೀ ಕಾಲೇಜಿನ ನಕ್ಷೆ ಅವನ ತಲೆಯಲ್ಲಿತ್ತು. ಕಾಮಗಾರಿ ಶುರುವಾದ ಮೇಲೆ ಅವನ ನಕ್ಷೆಯನ್ನೇ ಅಳಿಸಿಹಾಕಿದಂತಾಯಿತು. ನಿನ್ನೆ ಇಲ್ಲದ ಜಲ್ಲಿ ಇವತ್ತು ಇದೆ, ನಿನ್ನೆ ಇದ್ದ ನಲ್ಲಿ ಇವತ್ತಿಲ್ಲ. ಮಿಕ್ಸರಿನ ಸದ್ದಿನಲ್ಲಿ ಬೇರೆ ಸದ್ದು ಕೇಳುವುದಿಲ್ಲ. ಒಮ್ಮೆ ಕಾಲುವೆಗೆ ಬಿದ್ದು ಹಣೆಗೆ ಮೂರು ಹೊಲಿಗೆ ಹಾಕಿಸಿಕೊಂಡ.

ಅವನೂ ನನ್ನ ಮೊಮ್ಮಗಳೂ ಸ್ನೇಹಿತರಾದರು. ಅವನು ವೀಲ್‌ಚೇರ್ ಹಿಡಿಕೆ ಹಿಡಿದು ತಳ್ಳುವುದು, ಇವಳು "ಬಲಕ್ಕೆ, ನಿಲ್ಲು, ಜಲ್ಲಿ ಇದೆ, ತಿರುಗಿಸು" ಎಂದು ಹೇಳುವುದು. ಅದನ್ನು ನೋಡಿದ ಸಂಸ್ಕೃತದ ಮೇಷ್ಟ್ರೊಬ್ಬರು ಪ್ರೀತಿಯಿಂದಲೇ "ಆಹಾ, ಅಂಧಪಂಗು ನ್ಯಾಯ!" ಎಂದರು. ಕುರುಡನ ಹೆಗಲ ಮೇಲೆ ಕುಂಟ ಕೂತು ಇಬ್ಬರೂ ಊರು ಸೇರುವ ಹಳೆಯ ದೃಷ್ಟಾಂತ ಅದು. ಅವಳು ತಿರುಗಿ ನೋಡಿ, "ನ್ಯಾಯ ಅಲ್ಲ ಸಾರ್, ಅನ್ಯಾಯ. ದಾರಿ ಸರಿ ಇದ್ರೆ ಅವನು ಲೈಬ್ರರಿಗೆ ಹೋಗ್ತಿದ್ದ, ನಾನು ಕ್ಯಾಂಟೀನಿಗೆ ಹೋಗ್ತಿದ್ದೆ" ಎಂದಳು. ಮೇಷ್ಟ್ರು ಜೋರಾಗಿ ನಕ್ಕರು. ಆಮೇಲೆ ಆ ಹುಡುಗನಿಗೆ ಒಂದು ಉಪಾಯ ಹುಡುಕಿದವರೂ ಅವರೇ. ದಿನಾ ಸಂಜೆ ಐದಕ್ಕೆ ವಾಚ್‌ಮನ್ ತನ್ನ ಮೊಬೈಲಿನಲ್ಲಿ ವಾಯ್ಸ್ ಮೆಸೇಜ್ ಕಳಿಸಬೇಕು: ನಾಳೆ ಎಲ್ಲಿ ಅಗೆಯುತ್ತಾರೆ, ಎಲ್ಲಿ ಹಗ್ಗ ಕಟ್ಟಿದ್ದಾರೆ, ಯಾವ ಕಡೆಯಿಂದ ಬರಬೇಕು. ವಾಚ್‌ಮನ್ ಆಕಾಶವಾಣಿಯ ವಾರ್ತೆಯ ಧಾಟಿಯಲ್ಲಿ ಓದುತ್ತಿದ್ದ. ವಾರದೊಳಗೆ ಕಣ್ಣಿದ್ದವರೂ ಆ ಮೆಸೇಜನ್ನು ಕೇಳತೊಡಗಿದರು.

ಮಕ್ಕಳೇ, ಆ ಹಳದಿ ಟೈಲ್ಸನ್ನು ನೀವು ರೈಲ್ವೆ ಸ್ಟೇಷನ್ನಿನಲ್ಲೋ ಮೆಟ್ರೋದಲ್ಲೋ ನೋಡಿರುತ್ತೀರಿ. ಅಂದಕ್ಕೆ ಹಾಕಿದ್ದು ಅಂದುಕೊಂಡಿರಬಹುದು. ಜಪಾನಿನ ಸೇಯಿಚಿ ಮಿಯಾಕೆ ಎಂಬಾತ ಅದನ್ನು ರೂಪಿಸಿದ, 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಕಿದರು. ಉದ್ದ ಗೆರೆಗಳಿದ್ದರೆ ಮುಂದೆ ಹೋಗು ಎಂದು ಅರ್ಥ, ಗುಂಡು ಚುಕ್ಕೆಗಳಿದ್ದರೆ ನಿಲ್ಲು, ಎಚ್ಚರ ಎಂದು. ಕಾಲಿಗೂ ಕೋಲಿಗೂ ತಿಳಿಯುವ ಅಕ್ಷರ ಅದು. ನಮ್ಮ ಕಾಲೇಜಿನಲ್ಲಿ ಟೈಲ್ಸ್ ಹಾಕುವವನು ಮೊದಲು ಒಂದು ಗೆರೆ, ಒಂದು ಚುಕ್ಕೆ, ಒಂದು ಗೆರೆ, ಒಂದು ಚುಕ್ಕೆ ಎಂದು ರಂಗೋಲಿಯಂತೆ ಜೋಡಿಸಿದ್ದ. ಆ ಹುಡುಗ ಅದರ ಮೇಲೆ ನಡೆದು, "ಅಣ್ಣಾ, ಇದು ಹೋಗು ನಿಲ್ಲು ಹೋಗು ನಿಲ್ಲು ಅಂತಿದೆ" ಎಂದ. ಟೈಲ್ಸಿನವನು ಪಾಪ, ಅದರಲ್ಲಿ ಭಾಷೆ ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೂತು ಕಿತ್ತು ಸರಿಮಾಡಿದ.

ಇನ್ನು ರ‍್ಯಾಂಪಿನ ಕತೆ. ಇದರಲ್ಲಿ ನನ್ನದೂ ಸ್ವಲ್ಪ ಪಾಲಿದೆ ಎಂದು ಹೇಳಿಕೊಳ್ಳಲು ಆಸೆ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಮೇಸ್ತ್ರಿ ಮುಂಬಾಗಿಲಿನ ಮುಂದೆ ಸುಣ್ಣದ ಗೆರೆ ಹಾಕುತ್ತಿದ್ದ. ನಾನು ಸುಮ್ಮನೆ ಕೂರಲಾರದೆ ಮೊಮ್ಮಗಳ ಜಾಮಿಟ್ರಿ ಬಾಕ್ಸಿನ ಕಾಲದಿಂದ ಜೇಬಿನಲ್ಲಿಟ್ಟುಕೊಂಡಿರುವ ಟೇಪಿನಿಂದ ಅಳೆದೆ. ಮೂರು ಮೆಟ್ಟಿಲು, ತಲಾ ಆರಿಂಚು, ಒಟ್ಟು ಹದಿನೆಂಟು ಇಂಚು ಎತ್ತರ. ರ‍್ಯಾಂಪಿಗೆ ಒಂದಕ್ಕೆ ಹನ್ನೆರಡರ ಲೆಕ್ಕ. ಒಂದು ಇಂಚು ಏರಬೇಕಾದರೆ ಹನ್ನೆರಡು ಇಂಚು ಉದ್ದ ಬೇಕು, ಅಂದರೆ ಇಂಚಿಗೊಂದು ಅಡಿ. ಹದಿನೆಂಟು ಇಂಚಿಗೆ ಹದಿನೆಂಟು ಅಡಿ. ಮೇಸ್ತ್ರಿ ಹಾಕಿದ ಗೆರೆ ಒಂಬತ್ತು ಅಡಿ.

"ಮೇಸ್ತ್ರೀ, ಅರ್ಧಕ್ಕೇ ನಿಂತುಬಿಟ್ಟೆಯಲ್ಲಪ್ಪ?"

"ಮುಂದ್ಕೆ ಬಾವುಟದ ಕಂಬ ಐತಲ್ಲ ಸಾಮಿ. ಕಂಟ್ರಾಕ್ಟ್ರು ಇಷ್ಟಕ್ಕೇ ಏರಿಸ್ಬುಡು ಅಂದವ್ರೆ."

ನಾನು ಲೆಕ್ಕ ಹೇಳಿದೆ. ಅವನು ತಲೆ ಆಡಿಸಿದ, ಆದರೆ ನಂಬಲಿಲ್ಲ. ಅವನ ಪ್ರಕಾರ ಒಂಬತ್ತಡಿಯ ಏರು ಏನು ಮಹಾ, ಸಿಮೆಂಟ್ ಮೂಟೆ ಹೊತ್ತುಕೊಂಡೇ ಹತ್ತುತ್ತಾನೆ. ಆಗ ಮೊಮ್ಮಗಳು, "ಮೇಸ್ತ್ರಿ, ನೀವೇ ಒಂದ್ಸಲ ಕೂತು ನೋಡಿ" ಎಂದಳು. ಅವಳು ಕಟ್ಟೆಯ ಮೇಲೆ ಕೂತಳು, ಮೇಸ್ತ್ರಿ ಪಂಚೆ ಸರಿಮಾಡಿಕೊಂಡು ವೀಲ್‌ಚೇರಿನಲ್ಲಿ ಕೂತ. ಲೈಬ್ರರಿಯ ಮುಂದೆ ಹಿಂದೆ ಯಾವಾಗಲೋ ಕಟ್ಟಿದ ಒಂದು ರ‍್ಯಾಂಪಿದೆ, ಹೆಚ್ಚೂಕಡಿಮೆ ಅದೂ ಒಂದಕ್ಕೆ ಆರರ ಲೆಕ್ಕದ್ದೇ. ಕಾಲೇಜಿನವರು ಅದನ್ನು ಜಾರುಬಂಡೆ ಅನ್ನುತ್ತಾರೆ. ಮೇಸ್ತ್ರಿ ಅದನ್ನು ಹತ್ತಲು ಹೋದ. ದಿನವೆಲ್ಲ ಕರಣೆ ಹಿಡಿಯುವ ಗಟ್ಟಿ ಕೈಗಳು. ಎರಡು ಸಲ ಚಕ್ರ ತಿರುಗಿಸಿದ, ಮೂರನೆಯದಕ್ಕೆ ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. "ಅಯ್ಯಯ್ಯೋ ಹಿಡ್ಕಳ್ರಪ್ಪೋ!" ಹಿಂದೆ ನಿಂತಿದ್ದ ಹುಡುಗರು ಹಿಡಿದುಕೊಂಡರು.

ಇಳಿದವನು ಮೊದಲು ಬೀಡಿ ಹಚ್ಚಿದ, ಕಾಲೇಜು ಎಂದು ನೆನಪಾಗಿ ಆರಿಸಿದ. ಸ್ವಲ್ಪ ಹೊತ್ತು ಕಂಬವನ್ನೂ ಗೋಡೆಯನ್ನೂ ನೋಡುತ್ತ ನಿಂತ. "ಮಗಾ, ಇದನ್ನ ಮಡಿಸ್ಬುಡಾನ" ಎಂದ. ಒಂಬತ್ತಡಿ ಏರಿ, ಐದಡಿ ಸಮತಟ್ಟು ಜಾಗ ಬಿಟ್ಟು, ಅಲ್ಲಿಂದ ಗೋಡೆಯ ಗುಂಟ ತಿರುಗಿ ಇನ್ನೊಂಬತ್ತಡಿ. ಬಾವುಟದ ಕಂಬ ಇದ್ದಲ್ಲೇ ಇರುತ್ತದೆ. ಕಂಟ್ರಾಕ್ಟರನ್ನು ಒಪ್ಪಿಸಿದವನೂ ಅವನೇ, ನಾನಲ್ಲ. "ನೀವು ಕೂತ್ಕಂಡು ನೋಡಿ ಸಾರ್, ಆಮೇಲೆ ಮಾತಾಡಿ" ಎಂದನಂತೆ. ಅಂಚಿನಿಂದ ಚಕ್ರ ಜಾರದಿರಲಿ ಎಂದು ಎರಡೂ ಬದಿಗೆ ಎರಡಿಂಚಿನ ಕಟ್ಟು ಕೊಟ್ಟ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ದಿನಗಳಲ್ಲೇ ಕಟ್ಟೆಯ ಮೇಲೆ ನನ್ನ ಪಕ್ಕ ಕೂತ ಪೋಷಕರೊಬ್ಬರು, "ಒಬ್ಬಿಬ್ಬರಿಗಾಗಿ ಇಷ್ಟೊಂದು ದುಡ್ಡು ಸುರೀಬೇಕಾ ಸಾರ್?" ಎಂದರು. ಜಗಳವಾಡುವ ವಯಸ್ಸಲ್ಲ ನನ್ನದು. ಅವರಿಗೆ ನಾನು ಓದಿದ ಒಂದು ಸಂಗತಿ ಹೇಳಿದೆ. 1962ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿಗೆ ಎಡ್ ರಾಬರ್ಟ್ಸ್ ಎಂಬ ಹುಡುಗ ಸೇರಿದ. ಪೋಲಿಯೊದಿಂದ ಕತ್ತಿನ ಕೆಳಗೆ ಹೆಚ್ಚೇನೂ ಚಲನೆ ಇರಲಿಲ್ಲ, ಉಸಿರಾಡಲು ರಾತ್ರಿ ಕಬ್ಬಿಣದ ದೊಡ್ಡ ಯಂತ್ರದೊಳಗೆ ಮಲಗಬೇಕು. ಆ ಯಂತ್ರ ಹಿಡಿಸುವ ಹಾಸ್ಟೆಲ್ ಕೋಣೆ ಇರಲಿಲ್ಲ. ಕಟ್ಟುವವರೆಗೆ ಕಾಯಿರಿ ಎಂದಿದ್ದರೆ ಅವನ ಓದು ಅಲ್ಲಿಗೆ ಮುಗಿಯುತ್ತಿತ್ತು. ಕ್ಯಾಂಪಸ್ಸಿನ ಆಸ್ಪತ್ರೆಯ ಒಂದು ಭಾಗವನ್ನೇ ಅವನ ಹಾಸ್ಟೆಲ್ ಮಾಡಿದರು. ಅವನನ್ನು ನೋಡಿ ಮರುವರ್ಷಗಳಲ್ಲಿ ಅಂಥವರೇ ಇನ್ನೂ ಹಲವರು ಬಂದರು. ಅವನು ಕೆಲಸಕ್ಕೆ ಬಾರದವನು ಎಂದು ನೆರವು ಕೊಡಲು ನಿರಾಕರಿಸಿದ್ದ ರಾಜ್ಯದ ಪುನರ್ವಸತಿ ಇಲಾಖೆಗೆ ಮುಂದೆ ಅವನೇ ನಿರ್ದೇಶಕನಾದ.

ಪೋಷಕರು "ಅದು ಅಮೆರಿಕ ಬಿಡಿ" ಎಂದರು. ಇರಬಹುದು. ಫೆಬ್ರುವರಿಯಲ್ಲಿ ನಮ್ಮ ರ‍್ಯಾಂಪು ತೆರೆದಾಗ ಮೊದಲ ಒಂದು ಗಂಟೆ ನಾನು ಎಣಿಸಿದೆ, ಹಳೆಯ ಚಾಳಿ. ಹಾಲಿನ ಕ್ಯಾನು ತಳ್ಳಿಕೊಂಡು ಬಂದ ಕ್ಯಾಂಟೀನಿನ ಹೆಂಗಸು, ಉತ್ತರ ಪತ್ರಿಕೆಯ ಬಂಡಲ್ಲಿನ ಗಾಡಿ ತಂದ ಅಟೆಂಡರು, ತುಂಬು ಗರ್ಭಿಣಿ ಲೆಕ್ಚರರ್ ಒಬ್ಬರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಫುಟ್‌ಬಾಲ್ ಆಟಗಾರ, ನೀರಿನ ಕ್ಯಾನಿನವನು ಮೂರು ಸಲ, ಸೂಟ್‌ಕೇಸ್ ಎಳೆದುಕೊಂಡು ಬಂದ ಪರೀಕ್ಷಕರು. ಮಂಡಿನೋವಿನ ನಾನು. ಆಮೇಲೆ ನನ್ನ ಪಕ್ಕ ಕೂತಿದ್ದ ಅದೇ ಪೋಷಕರು. ಅವರು ಹತ್ತುವಾಗ ನಾನು ಬೇರೆ ಕಡೆ ನೋಡಿದೆ.

ಮೊಮ್ಮಗಳು ಹನ್ನೊಂದು ಗಂಟೆಗೆ ಬಂದಳು. ನಾನು ಹಿಡಿಕೆಗೆ ಕೈಹಾಕಲು ಹೋದಾಗ, "ಬೇಡ" ಎಂದಳು. ಒಂಬತ್ತಡಿ ಹತ್ತಿದಳು, ಸಮತಟ್ಟಿನಲ್ಲಿ ತಿರುಗಿದಳು, ಮತ್ತೆ ಒಂಬತ್ತಡಿ. ಕಾಲೇಜಿಗೆ ಸೇರಿ ಏಳು ತಿಂಗಳಾದ ಮೇಲೆ ಮೊದಲ ಸಲ ಮುಂದೆ ಮುಖ ಮಾಡಿಕೊಂಡು ಬಾಗಿಲು ದಾಟಿದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಗಮನಿಸಲೂ ಇಲ್ಲ. ಅದೇ ಅವಳಿಗೆ ಬಹಳ ಸಂತೋಷ.

ಲಿಫ್ಟು ಬಂದು ನಿಂತಿದೆ, ಇನ್ನೂ ಪ್ಲಾಸ್ಟಿಕ್ ಹೊದ್ದುಕೊಂಡು. ಪರೀಕ್ಷೆ ಮಾಡಿ ಪರವಾನಗಿ ಕೊಡುವವರು ಬರಬೇಕಂತೆ. ಎರಡನೆಯ ಸೆಮಿಸ್ಟರಿನ ಕಂಪ್ಯೂಟರ್ ಲ್ಯಾಬು ಮೇಲಿದೆ. ಅವಳಿಗೂ ಇನ್ನಿಬ್ಬರಿಗೂ ಕೆಳಗೆ ಮೂರು ಕಂಪ್ಯೂಟರ್ ಇಳಿಸಿಕೊಟ್ಟಿದ್ದಾರೆ. ಈ ಸಲ ಅದನ್ನು ಸೂಚಿಸಿದವರು ಪ್ರಿನ್ಸಿಪಾಲರೇ, ಅದೂ ಅವಳನ್ನು ಕರೆಸಿ ಕೇಳಿದ ಮೇಲೆ. ಹೇಳಬೇಕಾದ್ದನ್ನು ಹೇಳಬೇಕು.

ಹೊಸ ಶೌಚಾಲಯವೂ ಮುಗಿಯಿತು. ಅಗಲವಾದ ಬಾಗಿಲು, ಹಿಡಿದುಕೊಳ್ಳಲು ಸ್ಟೀಲ್ ಕಂಬಿ, ವೀಲ್‌ಚೇರ್ ತಿರುಗುವಷ್ಟು ಜಾಗ, ಎಲ್ಲ ಅಚ್ಚುಕಟ್ಟು. ಎರಡನೆಯ ವಾರಕ್ಕೆ ಅದಕ್ಕೆ ಬೀಗ ಬಿತ್ತು. ಎಲ್ಲರೂ ಬಳಸಿ ಗಲೀಜು ಮಾಡುತ್ತಾರೆ ಎಂದು. ಒಳಗೆ ಪೊರಕೆ, ಬಕೆಟ್ಟು, ಫಿನಾಯಿಲ್ ಡಬ್ಬ ಸೇರಿಕೊಂಡವು. ಬೀಗದ ಕೈ ಅಟೆಂಡರ ಹತ್ತಿರ, ಅಟೆಂಡರು ಯಾವಾಗ ಎಲ್ಲಿರುತ್ತಾರೋ. "ಪ್ರತಿ ಸಲ ಹೋಗಿ ಕೀ ಕೊಡಿ ಅಂತ ಕೇಳ್ಬೇಕು ತಾತ, ಹುಡುಗರೆಲ್ಲಾ ಇರ್ತಾರೆ" ಎಂದಳು ಮೊನ್ನೆ. ನನ್ನ ಹೆಂಡತಿ ತಕ್ಷಣ ಬಾಟಲಿಯ ಕಡೆ ನೋಡಿದಳು.

ನಮ್ಮ ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಕೀ, ಇಬ್ಬರ ಹತ್ತಿರ. ಒಬ್ಬರೇ ತೆಗೆಯಲಾಗದಿರಲಿ ಎಂದು. ಇಲ್ಲಿಯೂ ಎರಡು ಕೀ ಇರಲಿ, ಆದರೆ ಯಾರನ್ನೂ ಕೇಳದೆ ತೆಗೆಯುವುದಕ್ಕೆ ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆ. ಈ ಸಲ ಅರ್ಧ ಪುಟ, ಮೊಮ್ಮಗಳನ್ನು ಕೇಳಿಯೇ ಬರೆದದ್ದು. ನಿನ್ನೆ ಒಪ್ಪಿಗೆಯ ಸಹಿ ಹಾಕಿ ಕೊಟ್ಟರು. ಪೊರಕೆಗೆ ಬೇರೆ ಜಾಗ ನೋಡುತ್ತೇವೆ ಎಂದೂ ಹೇಳಿದರು. ಬಸ್ ಸ್ಟ್ಯಾಂಡಿನ ಹತ್ತಿರ ನಕಲಿ ಕೀ ಮಾಡುವವನು ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆಯುತ್ತಾನೆ. ಅರವತ್ತು ರೂಪಾಯಿ ಕೇಳುತ್ತಾನೆ, ಐವತ್ತಕ್ಕೆ ಒಪ್ಪುತ್ತಾನೆ. ಎರಡು ಮಾಡಿಸುತ್ತೇನೆ. ಮುಂದಿನ ವರ್ಷ ಬಿ.ಕಾಂ.ಗೆ ವೀಲ್‌ಚೇರಿನ ಇನ್ನೊಬ್ಬಳು ಹುಡುಗಿ ಸೇರುತ್ತಾಳಂತೆ, ಮೊನ್ನೆ ತಂದೆಯ ಜೊತೆ ಬಂದು ರ‍್ಯಾಂಪು ನೋಡಿಕೊಂಡು ಹೋದಳು.